ಒಂದು ‘ರನ್’, 645 ಅರ್ಥ

‘ರನ್’ ಅಂದರೆ ಓಡು ಅಂತ ಶಾಲೆಯಲ್ಲಿ ಬರೆಸುತ್ತಾರೆ. ಆದರೆ ಇಂಗ್ಲಿಷಿನಲ್ಲಿ ನೆಗಡಿಯಾದಾಗ ಮೂಗು ಸೋರುವುದೂ ರನ್, ಒಗೆದಾಗ ಬಟ್ಟೆ ಬಣ್ಣ ಬಿಡುವುದೂ ರನ್, ಹೋಟೆಲ್ ನಡೆಸುವುದೂ ರನ್. ನಾವು ಚುನಾವಣೆಗೆ ನಿಲ್ಲುತ್ತೇವೆ, ಅಮೆರಿಕದವರು ಅದಕ್ಕೂ ಓಡುತ್ತಾರೆ!

1928ರಲ್ಲಿ ಮುಗಿದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟಿನ ಮೊದಲ ಆವೃತ್ತಿಯಲ್ಲಿ ಎಲ್ಲಕ್ಕಿಂತ ಉದ್ದದ ವಿವರಣೆ ‘ಸೆಟ್’ ಪದದ್ದು. ಈಚಿನ ಪರಿಷ್ಕರಣೆಯಲ್ಲಿ ‘ರನ್’ ಅದನ್ನು ಹಿಂದೆ ಹಾಕಿತು. ಕ್ರಿಯಾಪದವಾಗಿಯೇ ಅದಕ್ಕೆ 645 ಅರ್ಥ! ಅವನ್ನೆಲ್ಲ ವಿಂಗಡಿಸಲು ನಿಘಂಟುಕಾರ ಪೀಟರ್ ಗಿಲಿವರ್ ಅವರಿಗೆ ಒಂಬತ್ತು ತಿಂಗಳು ಹಿಡಿಯಿತು. ರೈಲು, ಯಂತ್ರ, ಕಂಪ್ಯೂಟರ್ ಬಂದ ಹಾಗೆಲ್ಲ ಈ ಪುಟ್ಟ ಪದದ ಹೆಗಲಿಗೆ ಹೊಸ ಹೊಸ ಕೆಲಸ ಬಿತ್ತು.

ನಮ್ಮ ಮಕ್ಕಳಿಗೆ ಇದು ಕಷ್ಟವಾಗಬೇಕಿಲ್ಲ. ಬಸ್ಸು ಹಿಡಿಯುವುದು, ಮಳೆ ಹಿಡಿಯುವುದು, ತುಕ್ಕು ಹಿಡಿಯುವುದು, ಹಟ ಹಿಡಿಯುವುದು ಬೇರೆ ಬೇರೆ ಅಂತ ಅವರಿಗೆ ಯಾರೂ ಪಟ್ಟಿ ಮಾಡಿ ಕೊಟ್ಟಿಲ್ಲ. ಮಾತು ಕೇಳಿ ಕೇಳಿ ತಾವೇ ಕಲಿತರು.

ಇಂಗ್ಲಿಷ್ ಕಲಿಸುವ ಮೇಷ್ಟ್ರು, ಮೇಡಂಗಳಲ್ಲಿ ಒಂದೇ ವಿನಂತಿ. ಪದಕ್ಕೊಂದು ಅರ್ಥ ಬರೆಸಿ ಬಾಯಿಪಾಠ ಮಾಡಿಸಬೇಡಿ. ನಾಲ್ಕು ವಾಕ್ಯ ಕೊಡಿ, ಅರ್ಥವನ್ನು ಮಕ್ಕಳೇ ಹುಡುಕಿಕೊಳ್ಳಲಿ.