ಹಲ್ಲಿನ ಡಾಕ್ಟರಮ್ಮ ಆಗುವುದೆಂದರೆ...

"ಕಡಲೆ ಇದ್ದಾಗ ಹಲ್ಲಿಲ್ಲ, ಹಲ್ಲಿದ್ದಾಗ ಕಡಲೆ ಇಲ್ಲ" ಎಂಬ ಗಾದೆಯನ್ನು ಅಜ್ಜಿಯ ಬಾಯಲ್ಲಿ ಕೇಳದವರು ಯಾರಿದ್ದಾರೆ? ಹಲ್ಲಿನ ವೈದ್ಯೆಯಾದ ನನಗಂತೂ ಇದು ಚೆನ್ನಾಗಿ ಒಪ್ಪುತ್ತದೆ. ಊರವರ ಹಲ್ಲೆಲ್ಲ ನನ್ನ ಕೈಯಲ್ಲಿದ್ದರೂ ಕಡಲೆ ಕೊಳ್ಳುವಷ್ಟು ಸಂಪಾದನೆ ಕಾಣಲು ವರ್ಷಗಳೇ ಹಿಡಿದವು!

ಪಿ.ಯು.ಸಿ. ಫಲಿತಾಂಶ ಬರುವ ದಿನಗಳಲ್ಲಿ ನನ್ನ ಕ್ಲಿನಿಕ್ಕಿಗೆ ಹಲ್ಲು ತೋರಿಸಲು ಬರುವ ತಾಯಂದಿರು ಒಂದು ಪ್ರಶ್ನೆಯನ್ನೂ ಜೊತೆಗೆ ತರುತ್ತಾರೆ. "ಮೇಡಂ, ನಮ್ಮ ಹುಡುಗಿಗೆ ಎಂ.ಬಿ.ಬಿ.ಎಸ್. ಸಿಗೋ ಹಾಗಿಲ್ಲ. ಬಿ.ಡಿ.ಎಸ್. ಸೇರಿಸೋಣ ಅಂತ. ಹೆಣ್ಮಕ್ಕಳಿಗೆ ಆರಾಮದ ಕೆಲಸ ಅಲ್ವಾ? ರಾತ್ರಿ ಡ್ಯೂಟಿ ಇಲ್ಲ, ಏನಿಲ್ಲ..." ಬಾಯಿ ತೆರೆದು ಕೂತವರಿಗೆ ಎರಡು ಮಾತಿನಲ್ಲಿ ಉತ್ತರ ಹೇಳಲಾದೀತೆ? ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಸಿ.ಇ.ಟಿ. ಬರೆದು ಡೆಂಟಲ್ ಸೇರಿದ್ದು 2003ರಲ್ಲಿ. ಅಪ್ಪ ಪ್ರೈಮರಿ ಶಾಲೆಯ ಮೇಷ್ಟ್ರು. ಫೀಸು ಕಟ್ಟುವ ಹೊತ್ತಿಗೆ ಸೋದರತ್ತೆ ಬಂದು, "ಐದು ವರ್ಷ ಓದಿ ಹಲ್ಲು ಕೀಳೋದಾ? ಸಂತೇಲಿ ಕೂತೋನೂ ಕೀಳ್ತಾನಲ್ಲೇ!" ಎಂದು ನಕ್ಕರು. ಅಮ್ಮ ಏನೂ ಹೇಳಲಿಲ್ಲ. ಮಾರನೆಯ ದಿನ ತನ್ನ ನಾಲ್ಕು ಬಳೆ ಬಿಚ್ಚಿ ಸೊಸೈಟಿಯಲ್ಲಿ ಅಡವಿಟ್ಟು ಬಂದಳು.

ನಾನು ಓದಿದಾಗ ನಾಲ್ಕು ವರ್ಷ ಪಾಠ, ಒಂದು ವರ್ಷ ಇಂಟರ್ನ್‌ಶಿಪ್. ಡೆಂಟಲ್ ಎಂದರೆ ಬರೀ ಹಲ್ಲಿನ ಓದಲ್ಲ. ದೇಹರಚನೆ, ರಕ್ತ, ನರ, ಔಷಧಿ, ರೋಗಶಾಸ್ತ್ರ ಎಲ್ಲವನ್ನೂ ಓದಬೇಕು. ಜೊತೆಗೆ ಕೈಕೆಲಸ. ಮೇಣದ ತುಂಡನ್ನು ಚಾಕುವಿನಿಂದ ಕೆತ್ತಿ ದವಡೆ ಹಲ್ಲು ಮಾಡಬೇಕು, ಅದರ ಒಂದೊಂದು ಗುಬ್ಬಿ, ಒಂದೊಂದು ತಗ್ಗು ಸರಿಯಾಗಿ ಬರಬೇಕು. ಹಾಸ್ಟೆಲಿನಲ್ಲಿ ರಾತ್ರಿ ಹನ್ನೆರಡರವರೆಗೆ ಕೆತ್ತಿ, ಬೆಳಿಗ್ಗೆ ತೋರಿಸಿದರೆ ಮೇಡಂ ಅದನ್ನು ಚಾಕುವಿನಿಂದ ಎರಡು ಹೋಳು ಮಾಡಿ "ಇನ್ನೊಂದು" ಎನ್ನುತ್ತಿದ್ದರು! ಆಮೇಲೆ ಬೊಂಬೆಯ ತಲೆಯ ಮೇಲೆ ಅಭ್ಯಾಸ, ಅದಾದ ಮೇಲೆ ರೋಗಿಗಳು. ಇಷ್ಟು ಹಲ್ಲು ಕೀಳಬೇಕು, ಇಷ್ಟು ತುಂಬಬೇಕು, ಇಷ್ಟು ಹಲ್ಲುಸೆಟ್ಟು ಮಾಡಬೇಕೆಂದು ಲೆಕ್ಕ. ರೋಗಿಗಳು ಸಾಲದೆ ಬಂದಾಗ ನಮ್ಮೂರ ಅಜ್ಜ ಅಜ್ಜಿಯರನ್ನು ನಾನೇ ಬಸ್ ಚಾರ್ಜು ಕೊಟ್ಟು ಕರೆದೊಯ್ದದ್ದುಂಟು.

ಈ ದಾರಿ ಹೆಂಗಸರಿಗೆ ತಾನಾಗಿ ತೆರೆದದ್ದಲ್ಲ. ಅಮೆರಿಕದ ಲೂಸಿ ಹಾಬ್ಸ್ ಎಂಬಾಕೆ ಹೆಣ್ಣೆಂಬ ಕಾರಣಕ್ಕೆ ವೈದ್ಯ ಕಾಲೇಜಿನಲ್ಲೂ ದಂತ ಕಾಲೇಜಿನಲ್ಲೂ ಸೀಟು ಸಿಗದೆ, ಪದವಿಯಿಲ್ಲದೆಯೇ ಹಲ್ಲಿನ ಚಿಕಿತ್ಸೆ ಮಾಡುತ್ತಿದ್ದಳು. ಕೊನೆಗೆ ಒಹಾಯೋದ ಕಾಲೇಜು ಸೇರಿಸಿಕೊಂಡು 1866ರಲ್ಲಿ ಪದವಿ ಕೊಟ್ಟಿತು. ದಂತ ಕಾಲೇಜಿನಲ್ಲಿ ಓದಿ ಪದವಿ ಪಡೆದ ಮೊದಲ ಹೆಂಗಸು ಆಕೆ. ನಮ್ಮ ದೇಶದ ಮೊದಲ ದಂತ ಕಾಲೇಜನ್ನು 1920ರಲ್ಲಿ ಕಲ್ಕತ್ತೆಯಲ್ಲಿ ತೆರೆದವರು ಡಾ. ರಫೀಉದ್ದೀನ್ ಅಹ್ಮದ್. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು ಶುರುವಾದದ್ದು 1958ರಲ್ಲಿ. ಇಂದು ದೇಶದಲ್ಲಿ ಮುನ್ನೂರಕ್ಕೂ ಹೆಚ್ಚು ದಂತ ಕಾಲೇಜುಗಳಿವೆ. ತೊಡಕು ಇರುವುದೂ ಅಲ್ಲೇ! ಕಾಲೇಜು ಬೆಳೆದಷ್ಟು ಸರ್ಕಾರಿ ಕೆಲಸ ಬೆಳೆಯಲಿಲ್ಲ. ಪಟ್ಟಣದ ಒಂದೇ ರಸ್ತೆಯಲ್ಲಿ ನಾಲ್ಕು ಬೋರ್ಡು ಕಾಣುತ್ತವೆ, ಹಳ್ಳಿಯವರು ಮಾತ್ರ ಕೆನ್ನೆ ಹಿಡಿದುಕೊಂಡು ಬಸ್ಸಿಗೆ ಕಾಯುತ್ತಾರೆ.

ಓದು ಮುಗಿಸಿ 2008ರಲ್ಲಿ ನಗರದ ಒಂದು ಕ್ಲಿನಿಕ್ಕಿಗೆ ಸೇರಿದೆ. ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಎಂಟರವರೆಗೆ ನಿಂತು ಕೆಲಸ. ಪಿ.ಜಿ. ಬಾಡಿಗೆ, ಊಟ ಕಳೆದರೆ ಕೈಯಲ್ಲಿ ಉಳಿಯುತ್ತಿದ್ದುದು ಊರಿಗೆ ಹೋಗಿಬರುವಷ್ಟು. ಅಮ್ಮನ ಬಳೆಗೆ ವರ್ಷವರ್ಷ ಬಡ್ಡಿ ಕಟ್ಟುತ್ತಿದ್ದುದು ಅಪ್ಪನೇ. ಈ ನಡುವೆ ಸಂಬಂಧಗಳೂ ಬರುತ್ತಿದ್ದವು. ಒಬ್ಬರು ಉಪ್ಪಿಟ್ಟು ತಿನ್ನುತ್ತಲೇ ಕೇಳಿದರು: "ಹಲ್ಲಿನ ಡಾಕ್ಟರಾ? ಪೂರ್ತಿ ಡಾಕ್ಟರಲ್ಲ ಹಾಗಾದ್ರೆ. ಕ್ಲಿನಿಕ್ ಹಾಕಿಕೊಡೋರು ಯಾರು, ನೀವಾ ನಾವಾ?" ಅಪ್ಪ ಅವರಿಗೆ ಇನ್ನೊಂದು ಲೋಟ ಕಾಫಿಯನ್ನೂ ಕೊಡಿಸಲಿಲ್ಲ!

ಆದರೆ ಆ ಪ್ರಶ್ನೆಯಲ್ಲಿ ಒಂದು ನಿಜವೂ ಇತ್ತು. ಎಂ.ಬಿ.ಬಿ.ಎಸ್. ಮಾಡಿದವರು ಒಂದು ಮೇಜು, ಒಂದು ಸ್ಟೆತೊಸ್ಕೋಪ್ ಇಟ್ಟುಕೊಂಡು ಶುರುಮಾಡಬಹುದು. ನಮಗೆ ಹಾಗಲ್ಲ. ಕುರ್ಚಿ, ಕಂಪ್ರೆಸರ್, ಎಕ್ಸ್‌ರೇ, ಉಪಕರಣ ಶುದ್ಧಿಮಾಡುವ ಆಟೋಕ್ಲೇವ್, ಕರೆಂಟು ಹೋದರೆ ನಡೆಸಲು ಯು.ಪಿ.ಎಸ್... ಮೊದಲ ರೋಗಿ ಮೆಟ್ಟಿಲು ಹತ್ತುವ ಮೊದಲೇ ಲಕ್ಷಗಟ್ಟಲೆ ಸಾಲ. ಮದುವೆಯಾಗಿ ಈ ಮಲೆನಾಡಿನ ಊರಿಗೆ ಬಂದ ಮೇಲೆ, 2012ರಲ್ಲಿ, ಯಜಮಾನರು ಜಾಮೀನು ನಿಂತು ಸಾಲ ಕೊಡಿಸಿದರು.

ಮೊದಲ ತಿಂಗಳು ಬಂದವರು ಬಾಗಿಲಲ್ಲೇ ನಿಂತು, "ಡಾಕ್ಟ್ರು ಇಲ್ವಾ?" ಎನ್ನುತ್ತಿದ್ದರು. ನಾನೇ ಎಂದರೆ, "ಹೆಂಗಸ್ರ ಕೈಲಿ ಹಲ್ಲು ಬರ್ತದಾ?" ಎಂಬ ಅನುಮಾನ. ಹಲ್ಲು ಕೀಳಲು ಬೇಕಾದದ್ದು ತೋಳ್ಬಲವಲ್ಲ ಕಣ್ರೀ. ಬೇರನ್ನು ಮೂಳೆಗೆ ಹಿಡಿದಿಟ್ಟ ನಾರನ್ನು ನಿಧಾನವಾಗಿ ಬಿಡಿಸಿ, ಗೂಡನ್ನು ಸಡಿಲಿಸಿದರೆ ಹಲ್ಲು ತಾನೇ ಬರುತ್ತದೆ. ಗೆಣಸು ಕೀಳುವ ಮುಂಚೆ ಸುತ್ತಲ ಮಣ್ಣು ಸಡಿಲಿಸುವುದಿಲ್ಲವೇ, ಹಾಗೆ.

ಇನ್ನು ನಮ್ಮ ಹೆಣ್ಣುಮಕ್ಕಳು! ಗಂಡನ ಹಲ್ಲು, ಮಕ್ಕಳ ಹಲ್ಲು ಎಲ್ಲ ತೋರಿಸಿ, ತಮ್ಮದಕ್ಕೆ ಲವಂಗ ಇಟ್ಟುಕೊಂಡು ಕೂರುತ್ತಾರೆ. ತಡೆಯಲಾಗದೆ ಬರುವಷ್ಟರಲ್ಲಿ ಉಳಿಸಬಹುದಾಗಿದ್ದ ಹಲ್ಲು ಹೋಗಿರುತ್ತದೆ. "ಮೇಲಿನ ಹಲ್ಲು ಕಿತ್ರೆ ಕಣ್ಣು ಹೋಗ್ತದಂತೆ" ಎಂಬ ಹೆದರಿಕೆ ಬೇರೆ. ಹಲ್ಲಿನ ನರವೇ ಬೇರೆ, ನೋಟದ ನರವೇ ಬೇರೆ. ಬಸುರಿಯರ ವಸಡಿನಲ್ಲಿ ರಕ್ತ ಬಂದರೂ "ಹೆರಿಗೆ ಆಗ್ಲಿ" ಎಂದು ಸುಮ್ಮನಿರಬಾರದು. ಆಗ ಹಾರ್ಮೋನಿನಿಂದ ವಸಡು ಬೇಗ ಊದಿಕೊಳ್ಳುತ್ತದೆ. ಬಸುರಿಯೆಂದು ಮೊದಲೇ ಹೇಳಿದರೆ ಚಿಕಿತ್ಸೆ ಕೊಡಬಹುದು, ನಡುವಿನ ಮೂರು ತಿಂಗಳು ಅದಕ್ಕೆ ಅನುಕೂಲ.

ನನ್ನ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟದ ಮಾತು ಅಡಿಕೆಯದು. ಗುಟ್ಕಾ ಜಗಿದು ಜಗಿದು ಕೆನ್ನೆಯ ಒಳಪದರ ಬಿಗಿದು, ಒಂದು ಬೆರಳು ತೂರುವಷ್ಟೂ ಬಾಯಿ ತೆರೆಯಲಾಗದ ಹುಡುಗರು ಬರುತ್ತಾರೆ. ಅದರಲ್ಲಿ ಕೆಲವು ಕ್ಯಾನ್ಸರಿಗೂ ತಿರುಗುತ್ತವೆ. ಕರ್ನಾಟಕದಲ್ಲಿ 2013ರಲ್ಲಿ ಗುಟ್ಕಾ ನಿಷೇಧವಾಯಿತು. ಆಮೇಲೆ ಅಡಿಕೆ ಒಂದು ಪೊಟ್ಟಣ, ತಂಬಾಕು ಇನ್ನೊಂದು ಪೊಟ್ಟಣ! ಹೊಗೆಸೊಪ್ಪು ಬೇಡವೆಂದರೆ ಜನ ಒಪ್ಪುತ್ತಾರೆ. ಬರೀ ಅಡಿಕೆಯನ್ನೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ ಎಂದರೆ ಮುಖ ಗಂಟಿಕ್ಕುತ್ತಾರೆ. ನಮ್ಮ ಮನೆಯ ಅನ್ನವೂ ಅಡಿಕೆಯದೇ. ಮಾವನವರದು ಮೂರು ಎಕರೆ ತೋಟ. "ನಮ್ಮ ಬೆಳೇನ ನೀನೇ ಬೈದ್ರೆ ಹೇಗಮ್ಮಾ?" ಎಂದು ಅವರು ಕೇಳಿದಾಗ ನನ್ನ ಹತ್ತಿರ ಉತ್ತರವಿರಲಿಲ್ಲ. ಈಗಲೂ ಪೂರ್ತಿ ಉತ್ತರವಿಲ್ಲ. ಆದರೆ 2017ರಲ್ಲಿ ಅತ್ತೆಯವರ ಕೆನ್ನೆಯೊಳಗೆ ಬಿಳಿ ಮಚ್ಚೆ ಕಂಡಾಗ, ಶಿವಮೊಗ್ಗಕ್ಕೆ ಕರೆದೊಯ್ದು ಚೂರು ತೆಗೆಸಿ ಪರೀಕ್ಷೆ ಮಾಡಿಸಿದೆ. ಫಲಿತಾಂಶ ಬರುವವರೆಗೆ ಮನೆಯಲ್ಲಿ ಯಾರಿಗೂ ನಿದ್ದೆಯಿಲ್ಲ. ಪುಣ್ಯಕ್ಕೆ ಕ್ಯಾನ್ಸರ್ ಆಗಿರಲಿಲ್ಲ. ಅಂದಿನಿಂದ ಅವರು ಹೊಗೆಸೊಪ್ಪು ಬಿಟ್ಟರು. ಅಡಿಕೆ ಮಾತ್ರ ಪೂರ್ತಿ ಬಿಟ್ಟಿಲ್ಲ, ನಾನೂ ಹೇಳುವುದು ಬಿಟ್ಟಿಲ್ಲ.

2015ರಲ್ಲಿ ಅಮ್ಮನ ಬಳೆ ಬಿಡಿಸಿದೆ. ತೊಡಿಸಿದರೆ, ಹನ್ನೆರಡು ವರ್ಷದಲ್ಲಿ ಕೈ ಸಣಕಲಾಗಿ ಬಳೆ ಮೊಣಕೈವರೆಗೆ ಜಾರಿತು. "ಇರ್ಲಿ ಬಿಡು, ದಾರ ಸುತ್ಕೋತೀನಿ" ಎಂದಳು ಅಮ್ಮ.

ಎಲ್ಲ ಸರಿಹೋಯಿತೆನ್ನುವಾಗ 2020ರ ಕೊರೋನ. ನಮ್ಮ ಯಂತ್ರದಿಂದ ನೀರಿನ ತುಂತುರು ಏಳುತ್ತದೆ, ಸೋಂಕಿನ ಭಯ. ಕ್ಲಿನಿಕ್ಕಿಗೆ ಬೀಗ, ಸಾಲದ ಕಂತಿಗೆ ಬೀಗವಿಲ್ಲ! ಬಗ್ಗಿ ಬಗ್ಗಿ ನಿಂತು ಕತ್ತು ನೋವು ಬಂದಿದೆ. ನಮ್ಮ ವೃತ್ತಿಯವರಲ್ಲಿ ಇದು ಬಹಳ ಮಂದಿಗಿದೆ. ದಿನಾ ಬೆಳಿಗ್ಗೆ ಕತ್ತಿನ ವ್ಯಾಯಾಮ ಮಾಡದಿದ್ದರೆ ಸಂಜೆಗೆ ಚಪಾತಿ ಲಟ್ಟಿಸಲೂ ಆಗುವುದಿಲ್ಲ.

ಹಾಗಾದರೆ ಸೇರಿಸಬೇಡಿ ಎನ್ನುತ್ತೇನೆಯೇ? ಇಲ್ಲ. ನೋವಿನಿಂದ ಅಳುತ್ತಾ ಬಂದವರು ಅರ್ಧ ಗಂಟೆಯಲ್ಲಿ ಸಮಾಧಾನವಾಗಿ ಹೋಗುವುದನ್ನು ದಿನವೂ ನೋಡುವ ಕೆಲಸ ಇದು. ಆದರೆ ಎಂ.ಬಿ.ಬಿ.ಎಸ್. ಸಿಗಲಿಲ್ಲವೆಂಬ ದುಃಖದಲ್ಲಿ ಹುಡುಗಿಯನ್ನು ದೂಡಬೇಡಿ. ಈಗ ಇದಕ್ಕೂ ನೀಟ್ ಬರೆಯಲೇಬೇಕು. ಕಾಲೇಜಿಗೆ ಮಾನ್ಯತೆ ಇದೆಯೇ, ಅಲ್ಲಿನ ಆಸ್ಪತ್ರೆಗೆ ದಿನಾ ರೋಗಿಗಳು ಬರುತ್ತಾರೆಯೇ ನೋಡಿ. ಫೀಸಿನ ಜೊತೆಗೆ ಉಪಕರಣದ ಖರ್ಚು, ಮುಂದಿನ ಕ್ಲಿನಿಕ್ಕಿನ ಖರ್ಚೂ ಕೂಡಿಸಿ ಲೆಕ್ಕ ಹಾಕಿ. ಎಂ.ಡಿ.ಎಸ್. ಎಂದರೆ ಇನ್ನೊಂದು ಪರೀಕ್ಷೆ, ಇನ್ನೂ ಮೂರು ವರ್ಷ. ಅಷ್ಟು ದಿನ "ಮದುವೆ ಯಾವಾಗ?" ಎನ್ನುವವರ ಬಾಯಿಗೆ ನೀವು ಅಡ್ಡ ನಿಲ್ಲಬಲ್ಲಿರಾ?

ಎಲ್ಲಕ್ಕಿಂತ ಮೊದಲು, ಹುಡುಗಿಯನ್ನು ನಿಮ್ಮೂರಿನ ಹಲ್ಲಿನ ಡಾಕ್ಟರ ಹತ್ತಿರ ಕೇಳಿಕೊಂಡು ಒಂದು ದಿನ ನಿಲ್ಲಿಸಿ. ರಕ್ತ, ವಾಸನೆ, ಅಳುವ ಮಗು, ಚೌಕಾಸಿ ಮಾಡುವ ಯಜಮಾನ, ಎಲ್ಲವನ್ನೂ ನೋಡಲಿ. ಸಂಜೆ ಮನೆಗೆ ಬಂದ ಮೇಲೆ, ಊಟಕ್ಕೆ ಬಡಿಸುತ್ತಾ, ಅವಳನ್ನೇ ಕೇಳಿ.