ನಲ್ಲಿ ಕಚ್ಚುತ್ತದೆ ಮಾಷ್ಟ್ರೇ

ಬರೆಯದೆ ತುಂಬ ದಿನವಾಯಿತು. ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟು ಇದ್ದರೆ ನೆಟ್ ಇಲ್ಲ, ನೆಟ್ ಇದ್ದರೆ ಪುರುಸೊತ್ತು ಇಲ್ಲ. ಈ ವಿಷಯವನ್ನಂತೂ ಬರೆಯಬೇಕೋ ಬೇಡವೋ ಎಂದು ಮೂರು ವರ್ಷ ಮುಂದೂಡಿದ್ದೇನೆ. ಬರೆದರೆ ನನ್ನ ಮರ್ಯಾದೆ ಸ್ವಲ್ಪ ಹೋಗುತ್ತದೆ. ಹೋಗಲಿ.

ನಮ್ಮದು ಕಾಸರಗೋಡಿನ ಒಳಭಾಗದ ಒಂದು ಕನ್ನಡ ಮಾಧ್ಯಮ ಶಾಲೆ. ಒಂದರಿಂದ ಏಳು. ಮುರಕಲ್ಲಿನ ಗೋಡೆ, ಮಂಗಳೂರು ಹೆಂಚಿನ ಮಾಡು, ಎದುರಿಗೆ ಉದ್ದಕ್ಕೆ ಜಗಲಿ. ಜೂನ್ ಒಂದಕ್ಕೆ ಶಾಲೆ ಶುರು, ಮಳೆಯೂ ಸುಮಾರಾಗಿ ಅದೇ ದಿನಕ್ಕೆ ಬಂದು ಹಾಜರಿ ಹಾಕುತ್ತದೆ. ಅದಕ್ಕೆ ಮೊದಲು ಪಂಚಾಯತಿನ ಎಂಜಿನಿಯರು ಬಂದು ನೋಡಿ ಕಟ್ಟಡಕ್ಕೆ ಫಿಟ್ನೆಸ್ ಸರ್ಟಿಫಿಕೇಟ್ ಕೊಡಬೇಕು. ಮೇ ತಿಂಗಳಿನಲ್ಲಿ ಪಿಟಿಎಯವರು ಸೇರಿ ಹೆಂಚಿಗೆ ಕೈಯಾಡಿಸುತ್ತಾರೆ, ಒಡೆದದ್ದನ್ನು ಬದಲಿಸುತ್ತಾರೆ, ಪಕ್ಕಾಸಿಗೆ ಒರಲೆ ಹಿಡಿದಿದೆಯೋ ಎಂದು ಕತ್ತಿಯ ತುದಿಯಲ್ಲಿ ಕುಟ್ಟಿ ನೋಡುತ್ತಾರೆ. ಟೊಳ್ಳಾದ ಸದ್ದು ಬಂದರೆ ಆ ಪಕ್ಕಾಸು ಹೋಯಿತು ಎಂದೇ ಲೆಕ್ಕ. ಇಷ್ಟೆಲ್ಲ ಮಾಡಿ ಸರ್ಟಿಫಿಕೇಟು ಕೈಗೆ ಬಂದ ಮೇಲೆ ನಾವು ಮಾಷ್ಟ್ರುಗಳು ಒಂದು ವರ್ಷಕ್ಕೆ ನೆಮ್ಮದಿಯಾಗಿ ಉಸಿರು ಬಿಡುತ್ತೇವೆ. ತಪ್ಪು ಶುರುವಾಗುವುದು ಅಲ್ಲೇ.

2022ರ ಜುಲೈ. ಬಿಸಿಯೂಟಕ್ಕೆ ಕೈ ತೊಳೆಯುವ ಜಾಗದಲ್ಲಿ ಸಾಲಾಗಿ ಐದು ನಲ್ಲಿ. ಎರಡನೆಯ ಕ್ಲಾಸಿನ ಒಬ್ಬ ಪುಟ್ಟ ನನ್ನ ಹತ್ತಿರ ಬಂದು, "ಮಾಷ್ಟ್ರೇ, ನಲ್ಲಿ ಕಚ್ಚುತ್ತದೆ" ಎಂದ. ಪಕ್ಕದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. "ಹಲ್ಲು ಎಲ್ಲಿ ಉಂಟು ಮಾರಾಯ ಅದಕ್ಕೆ?" ಎಂದು ಕೇಳಿದೆ. ಅವನು ನಾಚಿಕೊಂಡು ಹೋದ. ಆದರೂ ಮನಸ್ಸು ತಡೆಯದೆ ಹೋಗಿ ನಲ್ಲಿ ಮುಟ್ಟಿ ನೋಡಿದೆ. ಏನೂ ಇಲ್ಲ. ಮಕ್ಕಳ ಮಾತು ಎಂದು ಬಿಟ್ಟೆ.

ಎರಡು ದಿನದ ನಂತರ ಹೊಸದಾಗಿ ಬಂದ ಟೀಚರ ಹತ್ತಿರ ಬೇರೆ ಇಬ್ಬರು ಹುಡುಗಿಯರು ಹೋಗಿ "ಜುಂ ಅಂತದೆ" ಎಂದು ಹೇಳಿದ್ದಾರೆ. ಟೀಚರು ತೆಂಕಣ ಜಿಲ್ಲೆಯಿಂದ ನೇಮಕವಾಗಿ ಬಂದವರು, ಪಾಪ, ಕನ್ನಡ ಬಾರದು. ನೀರು ತಣ್ಣಗಿದೆ ಎನ್ನುತ್ತಿದ್ದಾರೆ ಎಂದು ಅವರು ತಿಳಿದುಕೊಂಡರು. ಕನ್ನಡ ಕ್ಲಾಸಿಗೆ ಕನ್ನಡ ತಿಳಿಯದವರನ್ನು ಕಳಿಸುವ ಬಗ್ಗೆ ನಾವೆಲ್ಲ ಎಷ್ಟು ಸಲ ಮೆರವಣಿಗೆ ಹೋಗಿದ್ದೇವೆ, ಮನವಿ ಕೊಟ್ಟಿದ್ದೇವೆ ಎಂದು ನಿಮಗೆ ಗೊತ್ತುಂಟು. ಇದೂ ಅದೇ ಪಟ್ಟಿಗೆ ಸೇರಿಸಬಹುದಾದ ವಿಷಯ ಎಂದು ಸುಲಭವಾಗಿ ಬರೆಯಬಹುದಿತ್ತು. ಆದರೆ ನನಗೆ ಕನ್ನಡ ಬರುತ್ತದಲ್ಲ? ಮನೆಮಾತು ಬೇರೆ. ಹುಡುಗ ಹೇಳಿದ್ದು ಶುದ್ಧ ಕನ್ನಡದಲ್ಲೇ.

ಆ ಶುಕ್ರವಾರ ಅಡುಗೆಯ ಅಕ್ಕ ಪಾತ್ರೆ ತೊಳೆಯಲು ಹೋದವರು ಹಿಂದಕ್ಕೆ ಬಿದ್ದರು. ಸದ್ದು ಕೇಳಿ ಓಡಿದೆವು. ಅನ್ನದ ಚರಿಗೆ ಒಂದು ಕಡೆ, ಅಕ್ಕ ಒಂದು ಕಡೆ. ದೇವರ ದಯೆ, ಕೈ ಬಿಟ್ಟುಹೋಗಿತ್ತು. ಮಣಿಕಟ್ಟು ಊದಿತ್ತು, ಮತ್ತೇನೂ ಆಗಲಿಲ್ಲ. ಕೂರಿಸಿ ನೀರು ಕೊಟ್ಟಾಗ ಅವರು ಮೆಲ್ಲಗೆ ಹೇಳಿದರು, "ವಾರ ಆಯ್ತು ಮಾಷ್ಟ್ರೇ. ನಾನು ಗೆರಟೆ ಹಿಡಿದು ತಿರುಗಿಸ್ತಿದ್ದೆ. ಇವತ್ತು ಗೆರಟೆ ಸಿಗಲಿಲ್ಲ."

"ಹೇಳ್ಬಾರ್ದಾ ಅಕ್ಕ?"

"ನಿಮಗೆ ಯಾಕೆ ತೊಂದರೆ ಅಂತ."

ಈ ಮಾತು ಕೇಳಿದ ಮೇಲೆ ನನಗೆ ಎರಡು ದಿನ ಊಟ ಸೇರಲಿಲ್ಲ.

ವಯರಿಂಗಿನವರು ಬಂದು ಟೆಸ್ಟರ್ ಇಟ್ಟರೆ ಐದೂ ನಲ್ಲಿಯಲ್ಲಿ ಬೆಳಕು. ಬಾವಿಯ ಹತ್ತಿರದ ಪಂಪಿನ ಕೊಟ್ಟಿಗೆಗೆ ಮಳೆನೀರು ಎರಚಿ ಮೋಟಾರಿನ ಸುತ್ತಿನ ತಂತಿಗೆ ತೇವ ಹಿಡಿದಿತ್ತು. ಮೋಟಾರಿನ ಮೈಗೆ ಬಂದ ಕರೆಂಟು ನೆಲಕ್ಕೆ ಇಳಿಯಬೇಕಾದ ಅರ್ಥಿಂಗ್ ತಂತಿ ತುಕ್ಕು ಹಿಡಿದು ಗುಂಡಿಯ ಬಾಯಲ್ಲೇ ತುಂಡಾಗಿತ್ತು. ಹಾಗಾಗಿ ಅದು ಕಬ್ಬಿಣದ ಪೈಪು ಹಿಡಿದು ನಲ್ಲಿಯ ತನಕ ಬಂದಿತ್ತು. ಹಾಗಾದರೆ ನಾನು ಮುಟ್ಟಿದಾಗ ಯಾಕೆ ತಿಳಿಯಲಿಲ್ಲ? ವಯರಿಂಗಿನ ಹುಡುಗ ನನ್ನ ಕಾಲು ನೋಡಿ ನಕ್ಕ. ನಾನು ರಬ್ಬರಿನ ಚಪ್ಪಲಿಯಲ್ಲಿದ್ದೆ. ಮಕ್ಕಳು ಚಪ್ಪಲಿಯನ್ನು ಜಗಲಿಯಲ್ಲಿ ಬಿಟ್ಟು ಒದ್ದೆ ಸಿಮೆಂಟಿನ ಮೇಲೆ ಬರಿಗಾಲಲ್ಲಿ ನಿಲ್ಲುತ್ತಾರೆ. ಅಕ್ಕನೂ ಬರಿಗಾಲು.

ಇನ್ನೊಂದು ವಿಷಯ ಇನ್ನೂ ನಾಚಿಕೆಯದು. ಸ್ವಿಚ್‌ಬೋರ್ಡಿನಲ್ಲಿ ಇಎಲ್‌ಸಿಬಿ ಇತ್ತು. ಕರೆಂಟು ದಾರಿ ತಪ್ಪಿ ಸೋರಿದರೆ ತನ್ನಷ್ಟಕ್ಕೆ ಬಿದ್ದು ಲೈನು ಕಡಿಯುವ ಪೆಟ್ಟಿಗೆ ಅದು. ಸೋರುವಿಕೆ 30 ಮಿಲಿ ಆಂಪಿಯರ್ ಮುಟ್ಟಿದರೆ ಸಾಕು, ಕಣ್ಣು ಮಿಟುಕಿಸುವುದರೊಳಗೆ ಬೀಳುತ್ತದೆ. ಆದರೆ ಹಿಂದಿನ ಮಳೆಗಾಲದಲ್ಲಿ ಅದು ದಿನಕ್ಕೆ ನಾಲ್ಕು ಸಲ ಬೀಳುತ್ತಿತ್ತು, ಪಂಪು ನಿಂತು ನೀರಿಲ್ಲದೆ ಪರದಾಡಿದ್ದೆವು. "ಇದೊಂದು ಕಿರಿಕಿರಿ" ಎಂದು ಅದನ್ನು ತಪ್ಪಿಸಿ ಪಂಪಿಗೆ ನೇರ ವಯರು ಎಳೆಸಿದ್ದೆವು. ಎಳೆಸುವಾಗ ಸ್ಟೂಲು ಹಿಡಿದುಕೊಂಡಿದ್ದವನು ನಾನೇ. ಅದು ಒಂದು ವರ್ಷದಿಂದ ನಮಗೆ ಹೇಳುತ್ತಲೇ ಇತ್ತು. ಬಾಯಿ ಮುಚ್ಚಿಸಿದೆವು.

ಪೈಪು, ವಯರು, ಹೊಸ ಅರ್ಥಿಂಗ್ ಎಲ್ಲ ಸೇರಿ ಖರ್ಚು ದೊಡ್ಡದೇನಲ್ಲ. ಪಿಟಿಎಯವರು ಒಂದೇ ಸಭೆಯಲ್ಲಿ ಹೊಂದಿಸಿದರು.

ಆಮೇಲೆ ಹಳೆಯ ಸುದ್ದಿಗಳೆಲ್ಲ ಬೇರೆ ರೀತಿಯಲ್ಲಿ ಕಾಣಿಸತೊಡಗಿದವು. 2019ರ ನವೆಂಬರ್ 20ರಂದು ವಯನಾಡಿನ ಸುಲ್ತಾನ್ ಬತ್ತೇರಿಯ ಶಾಲೆಯಲ್ಲಿ ಐದನೆಯ ಕ್ಲಾಸಿನ ಹುಡುಗಿಗೆ ಕ್ಲಾಸಿನ ಒಳಗೇ ಹಾವು ಕಚ್ಚಿತು. ಗೋಡೆಯ ಬುಡದಲ್ಲಿ ತೂತು ಇತ್ತು. ಹಾವು ಕಚ್ಚಿದೆ ಎಂದು ಮಗುವೇ ಹೇಳಿದರೂ ಕೂಡಲೇ ಆಸ್ಪತ್ರೆಗೆ ಒಯ್ಯಲಿಲ್ಲ ಎಂದು ಸಹಪಾಠಿಗಳು ಟಿವಿ ಮುಂದೆ ಅತ್ತುಕೊಂಡು ಹೇಳಿದರು. ಆಗ ನಾನೂ ಎಲ್ಲರಂತೆ ಆ ಶಾಲೆಯವರನ್ನು ಬೈದಿದ್ದೆ. ಈಗ ಬೈಯಲು ನಾಲಿಗೆ ಬರುವುದಿಲ್ಲ.

ಆ ಘಟನೆಯ ನಂತರ ಎಲ್ಲ ಶಾಲೆಗಳಿಗೂ ಸುತ್ತೋಲೆಗಳು ಬಂದವು. ನಮಗೆ ಬಂದದ್ದು ಮಲೆಯಾಳದಲ್ಲಿ. ನೋಟೀಸ್ ಬೋರ್ಡಿಗೆ ಅಂಟಿಸಿದೆವು. ಅಡುಗೆಯ ಅಕ್ಕನಿಗೆ ಮಲೆಯಾಳ ಓದಲು ಬಾರದು, ಅರ್ಧದಷ್ಟು ತಂದೆತಾಯಿಗಳಿಗೂ ಬಾರದು. ಅಂಟಿಸಿದ್ದು ಯಾರಿಗಾಗಿ ಎಂದು ಆಗ ಯೋಚನೆಯೇ ಬರಲಿಲ್ಲ. ನಲ್ಲಿಯ ಪ್ರಕರಣದ ನಂತರ ಒಂದು ಭಾನುವಾರ ಕುಳಿತು ಅವನ್ನೆಲ್ಲ ಕನ್ನಡಕ್ಕೆ ಇಳಿಸಿದೆ. ಸರಕಾರಿ ಕನ್ನಡದಲ್ಲಿ ಅಲ್ಲ, ಅಕ್ಕನಿಗೆ ತಿಳಿಯುವ ಕನ್ನಡದಲ್ಲಿ. ಹಾವು ಕಚ್ಚಿದರೆ ಹಗ್ಗ ಬಿಗಿಯಬಾರದು, ಕೊಯ್ಯಬಾರದು, ಚೀಪಬಾರದು, ಮದ್ದು ಅರೆದು ಹಚ್ಚುತ್ತಾ ಕೂರಬಾರದು. ಮಗುವನ್ನು ನಡೆಸಬಾರದು, ಎತ್ತಿಕೊಂಡೇ ಹೋಗಬೇಕು, ಕಚ್ಚಿದ ಕೈಯೋ ಕಾಲೋ ಅಲುಗಾಡಬಾರದು. ಹಾವನ್ನು ಹುಡುಕಿ ಕೊಲ್ಲುತ್ತಾ ಹೊತ್ತು ಕಳೆಯಬೇಡಿ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೂ ಒಂದೇ ಇಂಜೆಕ್ಷನ್. ಕಟ್ಟುಹಾವು ಕಚ್ಚಿದರೆ ನೋವೂ ಊತವೂ ಹೆಚ್ಚು ಕಾಣುವುದಿಲ್ಲ, ಆದ್ದರಿಂದ "ಏನೂ ಆಗಿಲ್ಲ, ಇರುವೆ ಇರಬೇಕು" ಎಂಬ ಮಾತು ಆಡಲೇಬೇಡಿ. ಶಾಲೆಗೆ ಹಾವು ಬಂದರೆ ಹಿಡಿಯುವವರನ್ನು ಕರೆಯಲು ಅರಣ್ಯ ಇಲಾಖೆಯ 'ಸರ್ಪ' ಎಂಬ ಆಪ್ ಉಂಟು.

ಮುಖ್ಯವಾದದ್ದು, ಇಂಜೆಕ್ಷನ್ ಯಾವ ಆಸ್ಪತ್ರೆಯಲ್ಲಿ ಉಂಟು ಎಂದು ಮೊದಲೇ ವಿಚಾರಿಸಿ ಬರೆದಿಟ್ಟಿರಬೇಕು. ನಮ್ಮವರಿಗೆ ಏನಾದರೂ ಮಂಗಳೂರಿಗೆ ಓಡುವುದೇ ಅಭ್ಯಾಸ. 2020ರ ಮಾರ್ಚ್‌ನಲ್ಲಿ ತಲಪಾಡಿಯಲ್ಲಿ ಗಡಿ ಮುಚ್ಚಿದಾಗ ಎಷ್ಟು ಕಷ್ಟವಾಯಿತು, ಆಂಬುಲೆನ್ಸುಗಳು ಹಿಂತಿರುಗಿದ್ದು ಹೇಗೆ, ಮರೆತಿಲ್ಲ ತಾನೇ? ಅದಕ್ಕೆ ನಮ್ಮ ಪಟ್ಟಿಯಲ್ಲಿ ಗಡಿಯ ಈಚೆಯ ಆಸ್ಪತ್ರೆಗಳನ್ನು ಮೇಲೆ ಬರೆದಿದ್ದೇನೆ.

ಬಾವಿಯ ಕೆಲಸವನ್ನು ಏಳನೆಯ ಕ್ಲಾಸಿಗೆ ಕೊಟ್ಟಿದ್ದೇನೆ. ಇದು ನನಗೆ ಬಹಳ ಇಷ್ಟವಾದ ಕೆಲಸ, ಸ್ವಲ್ಪ ವಿವರವಾಗಿ ಹೇಳುತ್ತೇನೆ. ಮೊದಲೆಲ್ಲ ಬ್ಲೀಚಿಂಗ್ ಪೌಡರನ್ನು ಮುಷ್ಟಿಯಲ್ಲಿ ಹಿಡಿದು ಎಸೆಯುತ್ತಿದ್ದೆವು. ಒಮ್ಮೆ ವಾಸನೆಗೆ ಕುಡಿಯಲಾಗದು, ಇನ್ನೊಮ್ಮೆ ಹಾಕಿದ್ದೇ ಗೊತ್ತಾಗದು. ಲೆಕ್ಕ ಹೀಗೆ: ಬಾವಿಯ ಅಡ್ಡಳತೆ 2 ಮೀಟರ್, ನೀರಿನ ಆಳ 3 ಮೀಟರ್. ವೃತ್ತದ ವಿಸ್ತೀರ್ಣ 3.14, ಆಳದಿಂದ ಗುಣಿಸಿದರೆ 9.42 ಘನಮೀಟರ್, ಅಂದರೆ 9420 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಒಳ್ಳೆಯ ಪೌಡರು, ಹಾಗಾದರೆ ಸುಮಾರು 24 ಗ್ರಾಂ. ಮಳೆ ಶುರುವಾಗಿ ನೀರು ಕಲಕಿದಾಗ ಎರಡರಷ್ಟು. ಬಕೆಟಿನಲ್ಲಿ ಕಲಸಿ, ಸುಣ್ಣ ಅಡಿಗೆ ಕೂತ ಮೇಲೆ ಮೇಲಿನ ತಿಳಿಯನ್ನು ಇನ್ನೊಂದು ಕೊಡಪಾನಕ್ಕೆ ಬಗ್ಗಿಸಿ, ಅದನ್ನು ಬಾವಿಯ ನೀರಿನೊಳಗೆ ಇಳಿಸಿ ಮೇಲೆ ಕೆಳಗೆ ಆಡಿಸಬೇಕು. ಒಂದು ಗಂಟೆ ಯಾರೂ ನೀರು ಸೇದಬಾರದು. ಅಳತೆ ಮಕ್ಕಳು ಮಾಡುತ್ತಾರೆ, ಪೌಡರು ಮುಟ್ಟುವುದು ನಾವು, ಮೂಗಿಗೆ ಬಟ್ಟೆ ಕಟ್ಟಿಕೊಂಡು. ಹಗ್ಗಕ್ಕೆ ಕಲ್ಲು ಕಟ್ಟಿ ಆಳ ನೋಡುವಾಗ ಅವರ ಗಂಭೀರ ಮುಖ ನೋಡಬೇಕು ನೀವು! ಗಣಿತದಲ್ಲಿ ಸದಾ ಹಿಂದೆ ಇದ್ದ ಒಬ್ಬಳು "ಈ ತಿಂಗಳು ನೀರು ಅರ್ಧ ಮೀಟರ್ ಏರಿದೆ, ಪೌಡರು ನಾಲ್ಕು ಗ್ರಾಂ ಹೆಚ್ಚು" ಎಂದು ತಾನೇ ಬಂದು ಹೇಳಿದಳು.

ಪ್ರತಿ ತಿಂಗಳ ಮೊದಲ ಸೋಮವಾರ ಇಎಲ್‌ಸಿಬಿಯ 'ಟೆಸ್ಟ್' ಗುಂಡಿ ಒತ್ತುತ್ತೇವೆ. ಬಿದ್ದರೆ ಸರಿ ಇದೆ ಎಂದರ್ಥ. ಅಡುಗೆ ಕೋಣೆಯ ಗ್ಯಾಸಿನ ಸಿಲಿಂಡರು ಈಗ ಹೊರಗಡೆ ಕಂಬಿಯ ಗೂಡಿನಲ್ಲಿದೆ. 2004ರ ಜುಲೈ 16ರಂದು ಕುಂಭಕೋಣಂನ ಶಾಲೆಯಲ್ಲಿ ಅಡುಗೆ ಒಲೆಯ ಬೆಂಕಿ ಮಡಲಿನ ಮಾಡಿಗೆ ಹತ್ತಿ 94 ಮಕ್ಕಳು ಹೋದರು. ನಮ್ಮದು ಹೆಂಚು, ಆದರೆ ಅಡಿಯಲ್ಲಿ ಇರುವುದು ಮರವೇ. ಅನ್ನ ಬಸಿಯುವಾಗ ಅಕ್ಕನ ಕಾಲಿಗೆ ಗಂಜಿ ಚೆಲ್ಲುತ್ತಿದ್ದುದಕ್ಕೆ ಒಂದು ಕಬ್ಬಿಣದ ಓರೆ ಸ್ಟ್ಯಾಂಡು ಮಾಡಿಸಿದೆವು. ಹದಿನೈದು ವರ್ಷ ಒಬ್ಬರೇ ಎತ್ತಿ ಬಸಿದಿದ್ದರು. ನಾವು ಉಂಡಿದ್ದೆವು.

ಮರದ ವಿಷಯ ಮಾತ್ರ ಇನ್ನೂ ಮುಗಿದಿಲ್ಲ. 2023ರ ಜುಲೈ 3ರಂದು ನಮ್ಮದೇ ಜಿಲ್ಲೆಯ ಅಂಗಡಿಮೊಗರಿನಲ್ಲಿ ಶಾಲೆ ಬಿಡುವ ಹೊತ್ತಿಗೆ ಅಂಗಳದ ಮರ ಬಿದ್ದು ಆರನೆಯ ಕ್ಲಾಸಿನ ಹುಡುಗಿ ತೀರಿಕೊಂಡಳು. ಮರುದಿನ ನಮ್ಮ ಅಂಗಳದ ಹಾಲೆಮರದ ಅಡಿಯಲ್ಲಿ ನಿಂತು ಮೇಲೆ ನೋಡಿದೆ. ಕಡಿಯಲು ಅನುಮತಿ ಬೇಕು, ಊರವರಿಗೆ ಮನಸ್ಸಿಲ್ಲ, ನನಗೂ ಇಲ್ಲ, ಅದರ ನೆರಳಲ್ಲೇ ನಾನು ಅ ಆ ಕಲಿತವನು. ವಾಲಿದ ಕೊಂಬೆಗಳನ್ನು ಕಡಿಸಿದ್ದೇವೆ, ಗಾಳಿ ಎದ್ದರೆ ಆ ಬಾಗಿಲಿನಿಂದ ಮಕ್ಕಳನ್ನು ಬಿಡುವುದಿಲ್ಲ. ಅಷ್ಟು ಸಾಕೇ? ಓದುಗರಲ್ಲಿ ಗೊತ್ತಿರುವವರು ಹೇಳಬೇಕು. 2025ರ ಜುಲೈ 17ರಂದು ಕೊಲ್ಲಂನ ತೇವಲಕ್ಕರದಲ್ಲಿ ಸೈಕಲ್ ಶೆಡ್ಡಿನ ಮೇಲೆ ಬಿದ್ದ ಚಪ್ಪಲಿ ತೆಗೆಯಲು ಹತ್ತಿದ ಎಂಟನೆಯ ಕ್ಲಾಸಿನ ಹುಡುಗ, ಕೈಗೆಟಕುವಷ್ಟು ಕೆಳಗೆ ಹಾದುಹೋಗಿದ್ದ ಲೈನು ತಗಲಿ ಹೋದ. ಆ ವಾರ ನಾವು ಮೈದಾನದ ಮೂಲೆಯ ಲೈನಿನ ಎತ್ತರ ನೋಡಿ ಕೆ.ಎಸ್.ಇ.ಬಿ.ಗೆ ಬರೆದುಕೊಟ್ಟೆವು. ಬಂದು ಬಿಗಿದು ಹೋದರು.

ಜಗಲಿಯ ಮೊಳೆಗೆ ಈಗ ಒಂದು ನೂರು ಪುಟದ ಪುಸ್ತಕ ನೇತುಹಾಕಿದ್ದೇವೆ, ಜೊತೆಗೆ ದಾರ ಕಟ್ಟಿದ ಪೆನ್ಸಿಲ್. ಶಾಲೆಯಲ್ಲಿ ಏನು ಸರಿಯಿಲ್ಲ ಎಂದು ಕಂಡರೂ ಯಾರು ಬೇಕಾದರೂ ಬರೆಯಬಹುದು. ಕನ್ನಡ, ಮಲೆಯಾಳ, ತುಳು, ಬ್ಯಾರಿ, ಯಾವುದರಲ್ಲೂ. ಬರೆಯಲು ಬಾರದವರು ಚಿತ್ರ ಬಿಡಿಸುತ್ತಾರೆ. ನಗುವುದಿಲ್ಲ ಎಂಬುದು ನಾನು ನನಗೇ ಹಾಕಿಕೊಂಡ ಕಟ್ಟು. ಹೊಸ ಟೀಚರು ದಿನಾ ಸಂಜೆ ಅದನ್ನು ಓದಿಸಿಕೊಂಡು ಓದಿಸಿಕೊಂಡು ಈಗ ಕನ್ನಡ ಚೆನ್ನಾಗಿ ಓದುತ್ತಾರೆ. ನಲ್ಲಿಯ ಹುಡುಗ ಈಗ ದೊಡ್ಡವನಾಗಿದ್ದಾನೆ, ಪುಸ್ತಕದಲ್ಲಿ ಹೆಚ್ಚು ಬರೆಯುವವನು ಅವನೇ. ಅಕ್ಕ ಇನ್ನೂ ಒಮ್ಮೆಯೂ ಬರೆದಿಲ್ಲ. ಕೇಳಿದರೆ, "ನಾನು ಬಾಯಲ್ಲೇ ಹೇಳ್ತೇನೆ ಮಾಷ್ಟ್ರೇ" ಎನ್ನುತ್ತಾರೆ. ಹೇಳುತ್ತಾರೆ ಕೂಡ.

ನಿನ್ನೆಯ ಪುಟದಲ್ಲಿ ಮೂರನೆಯ ಕ್ಲಾಸಿನವರು ಬರೆದದ್ದು: "ನಮ್ಮ ಫ್ಯಾನು ತಲೆ ಅಲ್ಲಾಡಿಸುತ್ತದೆ." ಫ್ಯಾನು ನಿಲ್ಲಿಸಿ ಬಂದಿದ್ದೇನೆ. ನಾಳೆ ಬೆಳಗ್ಗೆ ಏಣಿ ತರಿಸಬೇಕು.