ಸೋಮವಾರದ ಯಂತ್ರಗಳು

ಅಂಚೆಚೀಟಿ, ನಾಣ್ಯ, ಹಳೆಯ ಗಡಿಯಾರಗಳನ್ನು ಕೂಡಿಡುವವರು ನಿಮ್ಮ ಪರಿಚಯದಲ್ಲಿ ಒಬ್ಬಿಬ್ಬರಾದರೂ ಇದ್ದಾರು. ಹಳೆಯ ಕಾರುಗಳನ್ನು ತಿಕ್ಕಿ ತೊಳೆದು ಮೆರವಣಿಗೆಗೆ ತರುವವರನ್ನೂ ನೀವು ಕಂಡಿರಬಹುದು. ಆದರೆ ಹಳೆಯ ಬಟ್ಟೆ ಒಗೆಯುವ ಯಂತ್ರಗಳನ್ನು ಹುಡುಕಿ ತಂದು, ಬಿಚ್ಚಿ, ತುಕ್ಕು ತೆಗೆದು, ಮತ್ತೆ ನಡೆಯುವಂತೆ ಮಾಡಿ, ಕೊಟ್ಟಿಗೆಯಲ್ಲಿ ಸಾಲಾಗಿ ನಿಲ್ಲಿಸುವವರೂ ಇದ್ದಾರೆಂದರೆ ನಿಮಗೆ ನಗು ಬಂದೀತು. ಅಮೆರಿಕದಲ್ಲಿ ಅಂಥವರು ವಿರಳವಲ್ಲ. ಕೊಲೊರಾಡೊ ರಾಜ್ಯದ ಈಟನ್ ಎಂಬ ಊರಿನಲ್ಲಿ ಲೀ ಮ್ಯಾಕ್ಸ್‌ವೆಲ್ ಎಂಬ ನಿವೃತ್ತ ಪ್ರಾಧ್ಯಾಪಕರು ಸಾವಿರಕ್ಕೂ ಮೀರಿದ ಯಂತ್ರಗಳನ್ನು ಸಂಗ್ರಹಿಸಿ ಅವುಗಳಿಗಾಗಿಯೇ ಒಂದು ವಸ್ತುಸಂಗ್ರಹಾಲಯವನ್ನು ಕಟ್ಟಿದರು.

ನಾನು ಈ ಲೋಕವನ್ನು ಕಂಡದ್ದು 2018ರಲ್ಲಿ. ಪಾಲಿಟೆಕ್ನಿಕ್ ಒಂದರ ಕಾರ್ಯಾಗಾರದಲ್ಲಿ 30 ವರ್ಷ ಕಳೆದು ನಿವೃತ್ತನಾದ ಮೇಲೆ ಅಯೋವಾ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ ಐದು ತಿಂಗಳು ಇದ್ದೆ. ಆ ದಿನಗಳಲ್ಲೇ ಮಗಳ ಮನೆಯ ಬಟ್ಟೆಯ ಯಂತ್ರ ಕೆಟ್ಟಿತು. ಕೊಂಡು ಆರು ವರ್ಷವೂ ತುಂಬಿರಲಿಲ್ಲ. ಬಂದ ರಿಪೇರಿಯವನು, "ಬೋರ್ಡು ಹೋಗಿದೆ. ಇದಕ್ಕೆ ಹಾಕುವ ದುಡ್ಡಿಗೆ ಇನ್ನಷ್ಟು ಸೇರಿಸಿ ಹೊಸದನ್ನೇ ಕೊಳ್ಳಿ" ಎಂದು ಹೇಳಿ ಹೊರಟುಹೋದ. ಭಾನುವಾರ ಪೂಜೆಯ ಬಳಿಕ ಚರ್ಚಿನ ಅಂಗಳದಲ್ಲಿ ಮಗಳು ಇದನ್ನು ಹೇಳುತ್ತಿದ್ದಾಗ, ಎಂಬತ್ತರ ಅಂಚಿನಲ್ಲಿದ್ದ ರೈತರೊಬ್ಬರು ನಕ್ಕು, "ನನ್ನ ಕೊಟ್ಟಿಗೆಯಲ್ಲಿ ನನಗಿಂತ ಹಿರಿಯದೊಂದು ಇದೆ, ಅದಿನ್ನೂ ತಿರುಗುತ್ತದೆ. ನಿಮ್ಮ ತಂದೆಯವರನ್ನು ಕಳುಹಿಸಿಕೊಡಿ" ಎಂದರು. ಹಾಗೆ ಆರಂಭವಾಯಿತು ನಮ್ಮ ಸ್ನೇಹ. ಅವರ ಕೊಟ್ಟಿಗೆಯಲ್ಲಿ ಹನ್ನೊಂದು ಒಗೆಯುವ ಯಂತ್ರಗಳೂ ಎರಡು ಒಣಗಿಸುವ ಯಂತ್ರಗಳೂ ಇದ್ದವು.

ಈ ಯಂತ್ರದ ಚರಿತ್ರೆಯಲ್ಲಿ ಒಬ್ಬ ಪಾದ್ರಿಯೂ ಬರುತ್ತಾರೆಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ. ಜರ್ಮನಿಯ ರೇಗನ್ಸ್‌ಬರ್ಗ್ ನಗರದಲ್ಲಿ ಸಭಾಪಾಲಕರಾಗಿದ್ದ ಯಾಕೋಬ್ ಕ್ರಿಸ್ಟಿಯನ್ ಶೆಫರ್ ಅಣಬೆಗಳನ್ನೂ ಕೀಟಗಳನ್ನೂ ಅಭ್ಯಸಿಸಿ ಗ್ರಂಥ ಬರೆದವರು, ಗಿಡದ ನಾರಿನಿಂದ ಕಾಗದ ಮಾಡಿ ನೋಡಿದವರು. ಅವರೇ 1766ರಲ್ಲಿ ಕೈಯಿಂದ ತಿರುಗಿಸುವ ಮರದ ತೊಟ್ಟಿಯೊಂದರ ವಿವರವನ್ನು ಪುಸ್ತಕವಾಗಿ ಪ್ರಕಟಿಸಿದರು. ಬೋಧನೆ ಮಾಡುವ ಪಾದ್ರಿಯ ಲಕ್ಷ್ಯ ಒಗೆಯುವ ಹೆಂಗಸರ ಸೊಂಟದ ನೋವಿನ ಕಡೆಗೆ ಹರಿದದ್ದು ನನಗೆ ಮೆಚ್ಚಿಗೆಯಾದ ಸಂಗತಿ.

ಆದರೆ ನಮ್ಮ ರೈತರ ಕೊಟ್ಟಿಗೆಯ ರಾಜ್ಯವೆಲ್ಲ ಮೇಟ್ಯಾಗ್‌ನದೇ. ಅಯೋವಾದ ರಾಜಧಾನಿ ಡಿ ಮೊಯಿನ್‌ನಿಂದ ಪೂರ್ವಕ್ಕೆ ಸುಮಾರು 50 ಕಿಲೋಮೀಟರ್ ದೂರದ ನ್ಯೂಟನ್ ಪಟ್ಟಣದಲ್ಲಿ ಈ ಕಂಪನಿ ಹುಟ್ಟಿದ್ದು 1893ರಲ್ಲಿ. ಮೊದಲು ಅವರು ಮಾಡುತ್ತಿದ್ದುದು ಒಕ್ಕಣೆಯ ಯಂತ್ರಕ್ಕೆ ತೆನೆ ಉಣಿಸುವ ಸಲಕರಣೆ. ಸುಗ್ಗಿ ಮುಗಿದ ಮೇಲೆ ವ್ಯಾಪಾರವಿಲ್ಲದ ತಿಂಗಳುಗಳಲ್ಲಿ ಕೈ ಖಾಲಿ ಇರಬಾರದೆಂದು 1907ರಲ್ಲಿ ಒಗೆಯುವ ಯಂತ್ರಕ್ಕೆ ಕೈಹಾಕಿದರು. 1922ರಲ್ಲಿ ತೊಟ್ಟಿಯ ತಳದಲ್ಲಿ ಅತ್ತಿತ್ತ ತಿರುಗುವ ರೆಕ್ಕೆಗಳನ್ನಿಟ್ಟು, ಬಟ್ಟೆಯನ್ನು ಉಜ್ಜುವುದರ ಬದಲು ಬಟ್ಟೆಯ ಮೂಲಕ ನೀರನ್ನೇ ನೂಕುವ ಯಂತ್ರವನ್ನು ಹೊರತಂದರು. ಆ ರೆಕ್ಕೆಗಳನ್ನು ಅಜಿಟೇಟರ್ ಎನ್ನುತ್ತಾರೆ. ಅದರಿಂದಲೇ ಕಂಪನಿ ಕೆಲವು ವರ್ಷಗಳಲ್ಲಿ ದೇಶದ ಮುಂಚೂಣಿಗೆ ಬಂತು.

ಹಳ್ಳಿಗಳಲ್ಲಿ ಆಗ ವಿದ್ಯುತ್ ಎಲ್ಲಿತ್ತು? 1930ರ ದಶಕದ ನಡುವಿನಲ್ಲಿ ಅಮೆರಿಕದ ಹತ್ತು ಹೊಲಮನೆಗಳಲ್ಲಿ ಒಂದಕ್ಕೆ ಮಾತ್ರ ವಿದ್ಯುತ್ ಸಂಪರ್ಕವಿತ್ತು. ಆದುದರಿಂದ ತೊಟ್ಟಿಯ ಕೆಳಗೆ ಪುಟ್ಟ ಪೆಟ್ರೋಲ್ ಎಂಜಿನ್ ಕೂಡಿಸಿ ಮಾರುತ್ತಿದ್ದರು. ಮೋಟಾರ್ ಸೈಕಲ್ಲಿನಂತೆ ಕಾಲಿನಿಂದ ಒದ್ದು ಅದನ್ನು ಚಾಲೂ ಮಾಡಬೇಕು. ಹೊಗೆಯನ್ನು ಹೊರಹಾಕಲು ಬಾಗುವ ಲೋಹದ ಕೊಳವೆಯನ್ನು ಬಾಗಿಲ ಸಂದಿಯಿಂದ ಆಚೆಗೆ ಎಳೆದಿಡಬೇಕು. ಮುಂದೆ ತಂತಿ ಬಂದಾಗ ಎಂಜಿನನ್ನು ಕಳಚಿ ಅದೇ ಜಾಗದಲ್ಲಿ ವಿದ್ಯುತ್ ಮೋಟಾರು ಕೂಡಿಸಬಹುದಿತ್ತು. ಆ ಹಿರಿಯರು ಹೇಳಿದ "ನನಗಿಂತ ಹಿರಿಯ" ಯಂತ್ರವು ಹೀಗೆಯೇ ಎರಡು ಜನ್ಮ ಕಂಡದ್ದು. ಅದು ಅವರ ತಾಯಿಯದು.

ಅಮೆರಿಕದ ಹೆಂಗಸರಿಗೆ ಸೋಮವಾರವೆಂದರೆ ಒಗೆತದ ವಾರ. ಯಂತ್ರವಿದ್ದರೂ ದಿನವಿಡೀ ಕೆಲಸ. ನೀರನ್ನು ಯಂತ್ರವು ತಾನೇ ತುಂಬಿಕೊಳ್ಳುತ್ತಿರಲಿಲ್ಲ. ಪಂಪಿನಿಂದ ಹೊತ್ತು, ಒಲೆಯಲ್ಲಿ ಕಾಯಿಸಿ, ಬಕೆಟ್ಟಿನಿಂದ ಸುರಿಯಬೇಕು. ಮೊದಲು ಬಿಳಿ ಬಟ್ಟೆ, ಅದೇ ನೀರಿನಲ್ಲಿ ಬಣ್ಣದ ಬಟ್ಟೆ, ಕೊನೆಗೆ ಹೊಲದ ಕೆಸರಿನ ಉಡುಪು. ಪಕ್ಕದಲ್ಲಿ ಜಾಲಿಸಲು ಎರಡು ತೊಟ್ಟಿಗಳು, ಒಂದರಲ್ಲಿ ನೀಲಿ ಬೆರೆಸಿದ ನೀರು. ಯಂತ್ರದ ನೆತ್ತಿಯಲ್ಲಿ ರಬ್ಬರಿನ ಎರಡು ಉರುಳೆಗಳು. ನಮ್ಮ ಗಾಣದಲ್ಲಿ ಕಬ್ಬನ್ನು ಉಣಿಸುವಂತೆ ಒದ್ದೆ ಬಟ್ಟೆಯನ್ನು ಅವುಗಳ ನಡುವೆ ಉಣಿಸಿದರೆ ಆಚೆಗೆ ಹಪ್ಪಳದಂತೆ ಚಪ್ಪಟೆಯಾಗಿ ಬೀಳುತ್ತದೆ. ಗುಂಡಿಗಳನ್ನು ಒಳಮಡಚದಿದ್ದರೆ ಪುಡಿಯಾಗುತ್ತವೆ. ಬೆರಳು ಸಿಕ್ಕಿದರೆ ಬಟ್ಟೆಯ ಹಿಂದೆ ಕೈಯೂ ಹೋಗುತ್ತದೆ. ಮಕ್ಕಳ ತೋಳುಗಳು ಹಾಗೆ ನಜ್ಜುಗುಜ್ಜಾಗುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ ಅಲ್ಲಿಯ ವೈದ್ಯರು ಅದಕ್ಕೆ ಉರುಳೆಯ ಹೆಸರನ್ನೇ ಹೊತ್ತ ಒಂದು ಪದವನ್ನು ಬಳಕೆಗೆ ತಂದರು. ಒಡನೆ ಉರುಳೆಗಳನ್ನು ಬಿಡಿಸುವ ಪಟ್ಟಿಯೊಂದು ನಂತರದ ಯಂತ್ರಗಳಲ್ಲಿರುವುದು ಇದರಿಂದಾಗಿಯೇ.

ಒಣಗಿಸುವ ಯಂತ್ರದ ಕತೆ ಇದಕ್ಕಿಂತ ಚಿಕ್ಕದು. ಉತ್ತರ ಡಕೋಟಾದ ಚಳಿಯಲ್ಲಿ ಹಗ್ಗದ ಮೇಲಿನ ಬಟ್ಟೆ ಹಲಗೆಯಂತೆ ಹೆಪ್ಪುಗಟ್ಟುತ್ತದೆ. ಜೆ. ರಾಸ್ ಮೂರ್ ಎಂಬಾತ ತನ್ನ ತಾಯಿಗಾಗಿ ಒಲೆಯ ಬಿಸಿಯಲ್ಲಿ ತಿರುಗುವ ಪೀಪಾಯಿಯೊಂದನ್ನು ಮಾಡಿ, ವರ್ಷಗಟ್ಟಲೆ ಕಂಪನಿಗಳ ಬಾಗಿಲು ತಟ್ಟಿದ. ಕೊನೆಗೆ ವಿಸ್ಕಾನ್ಸಿನ್ ರಾಜ್ಯದ ಹ್ಯಾಮಿಲ್ಟನ್ ಕಂಪನಿ 1938ರಲ್ಲಿ ಅದನ್ನು "ಜೂನ್ ಡೇ" ಎಂಬ ಹೆಸರಿನಿಂದ ಮಾರುಕಟ್ಟೆಗೆ ತಂದಿತು. ಬಾಗಿಲಿಗೆ ಗಾಜಿನ ಕಿಟಕಿ ಇಡಿ, ಒಳಗೆ ಬಣ್ಣಬಣ್ಣದ ಚಡ್ಡಿಗಳನ್ನು ಹಾಕಿ ತಿರುಗಿಸಿ ತೋರಿಸಿ, ಜನ ನಿಂತು ನೋಡುತ್ತಾರೆ ಎಂದು ಸೂಚಿಸಿದವರು ವಿನ್ಯಾಸಕಾರ ಬ್ರೂಕ್ಸ್ ಸ್ಟೀವನ್ಸ್. ಆಟಿಯ ಮಳೆಯಲ್ಲಿ ಅಡುಗೆಮನೆಯ ಒಲೆಯ ಮೇಲೆ ಬಟ್ಟೆ ತೂಗುಹಾಕಿ, ಹೊಗೆಯ ವಾಸನೆಯ ಅಂಗಿಯಲ್ಲೇ ಶಾಲೆಗೆ ಹೋದ ನಮಗೆ ಮೂರನ ತಾಯಿಯ ಕಷ್ಟ ಅರ್ಥವಾಗದ್ದೇನಲ್ಲ.

ಈ ಯಂತ್ರಗಳು ಹೆಂಗಸರಿಗೆ ನಿಜವಾಗಿ ಬಿಡುವು ತಂದವೇ? ವಿದ್ವಾಂಸರಲ್ಲಿ ಇದಕ್ಕೆ ಒಮ್ಮತವಿಲ್ಲ. ಸ್ವೀಡನ್ನಿನ ಹಾನ್ಸ್ ರೋಸ್ಲಿಂಗ್ 2010ರ ತಮ್ಮ ಪ್ರಸಿದ್ಧ ಉಪನ್ಯಾಸದಲ್ಲಿ ತಮ್ಮ ಮನೆಗೆ ಯಂತ್ರ ಬಂದ ದಿನವನ್ನು ನೆನೆದರು. ಅಜ್ಜಿ ಅದರ ಮುಂದೆ ಕುರ್ಚಿ ಹಾಕಿಕೊಂಡು ಪೂರ್ತಿ ಒಗೆತವನ್ನು ನೋಡುತ್ತಾ ಕೂತರಂತೆ. ಉಳಿದ ಸಮಯದಲ್ಲಿ ತಾಯಿ ಮಗನನ್ನು ಗ್ರಂಥಾಲಯಕ್ಕೆ ಕರೆದೊಯ್ದರಂತೆ. ಅಮೆರಿಕದ ಇತಿಹಾಸಕಾರ್ತಿ ರೂತ್ ಶ್ವಾರ್ಟ್ಜ್ ಕೋವನ್ 1983ರ ತಮ್ಮ ಗ್ರಂಥದಲ್ಲಿ ಬೇರೆಯೇ ಮಾತು ಹೇಳಿದರು. ಯಂತ್ರ ಬಂದ ಮೇಲೆ ನೀರು ಹೊರುವ ಗಂಡಸು, ಕೈಜೋಡಿಸುವ ಮಕ್ಕಳು, ಕೂಲಿಗೆ ಬರುವ ಹೆಂಗಸು ಎಲ್ಲರೂ ಹಿಂದೆ ಸರಿದರು; ಬಟ್ಟೆ ಬದಲಿಸುವುದು ಹೆಚ್ಚಿತು; ಒಗೆತವೆಲ್ಲ ಗೃಹಿಣಿ ಒಬ್ಬಳ ಪಾಲಿಗೇ ಉಳಿಯಿತು.

ನನಗೆ ಇಬ್ಬರ ಮಾತೂ ದಿಟವೆಂದು ತೋರುತ್ತದೆ. ಬಾವಿಕಟ್ಟೆಯ ಬಳಿ ಒಗೆಯುವ ಕಲ್ಲಿನ ಮುಂದೆ ಬಾಗಿ ನಿಂತ ನನ್ನ ತಾಯಿಯ ಅಂಗೈ ಸೋಡಾದಿಂದ ಬಿರಿದಿರುತ್ತಿತ್ತು. ನನ್ನ ಹೆಂಡತಿಯ ಅಂಗೈ ಹಾಗಿಲ್ಲ. ಇಷ್ಟು ವ್ಯತ್ಯಾಸವನ್ನು ಹಗುರವಾಗಿ ಕಾಣುವವರು ಸೋಡಾದಲ್ಲಿ ಕೈ ಅದ್ದಿದವರಲ್ಲ. ಆದರೆ ನಮ್ಮ ಬೀದಿಯ ಮನೆಗಳಿಗೆ ಒಂದೊಂದಾಗಿ ಯಂತ್ರ ಬಂದಾಗ, ಆ ಮನೆಗಳಲ್ಲಿ ಒಗೆದು ಮಕ್ಕಳನ್ನು ಸಾಕಿದ್ದ ಬಾಯಿಯವರ ಕೂಲಿ ಎಲ್ಲಿಗೆ ಹೋಯಿತೆಂದು ಯಾವ ಜಾಹೀರಾತೂ ಹೇಳಲಿಲ್ಲ. ರೈತರನ್ನು ಕೇಳಿದೆ: "ಯಂತ್ರ ಬಂದ ಮೇಲೆ ನಿಮ್ಮ ತಾಯಿ ವಿಶ್ರಾಂತಿ ಪಡೆದರೇ?" ಅವರು ಬಹಳ ಹೊತ್ತು ಯೋಚಿಸಿ, "ಅವರು ಕುಳಿತದ್ದನ್ನು ನಾನು ಕಂಡಿಲ್ಲ. ಆದರೆ ಸೋಮವಾರ ಸಂಜೆ ಹಾಡು ಗುನುಗುತ್ತಿದ್ದರು. ಅದಕ್ಕೆ ಮುಂಚೆ ಸೋಮವಾರ ಹಾಡು ಇರಲಿಲ್ಲವೆಂದು ಅಕ್ಕ ಹೇಳುತ್ತಿದ್ದಳು" ಎಂದರು.

ಆ ಬೇಸಿಗೆಯಲ್ಲಿ ನಾವಿಬ್ಬರೂ ಆ ಯಂತ್ರವನ್ನು ಪೂರ್ತಿ ಬಿಚ್ಚಿದೆವು. ಓದುಗರೇ, ಕಾರ್ಯಾಗಾರದ ಮನುಷ್ಯನಿಗೆ ಅದೊಂದು ಹಬ್ಬ. ಎಲ್ಲವೂ ಬೋಲ್ಟು, ಎಲ್ಲವೂ ಸ್ಪ್ಯಾನರಿಗೆ ಸಿಗುವಂಥದ್ದು. ಅಜಿಟೇಟರ್ ತನ್ನ ಕಂಬಕ್ಕೆ ಕಚ್ಚಿಕೊಂಡು ಕೂತಿತ್ತು. ಸುತ್ತಿಗೆ ಮುಟ್ಟಿಸದೆ ಕುದಿನೀರು ಸುರಿದು ಕಾದೆವು. ಹಿಗ್ಗಿ ತಾನಾಗಿ ಬಿಟ್ಟುಕೊಟ್ಟಿತು. ಗೇರ್‌ಬಾಕ್ಸಿನೊಳಗೆ ಹಳೆಯ ಗ್ರೀಸ್ ಮೇಣದಂತೆ ಗಟ್ಟಿಯಾಗಿತ್ತು. ಅದನ್ನು ಕೆರೆದು ತೆಗೆದರೆ ಕೆಳಗಿನ ಹಲ್ಲುಗಳು ಹೊಸದರಂತೆ ಹೊಳೆಯುತ್ತಿದ್ದವು. ವೈರಿನ ಬಟ್ಟೆಯ ಹೊದಿಕೆ ಮುಟ್ಟಿದರೆ ಉದುರುತ್ತಿತ್ತು. ನೀರೂ ವಿದ್ಯುತ್ತೂ ಕೂಡುವ ಜಾಗವಾದ್ದರಿಂದ ಅದನ್ನು ಪೂರ್ತಿ ಕಿತ್ತು, ನೆಲಸಂಪರ್ಕವಿರುವ ಹೊಸ ವೈರು ಹಾಕಿದೆವು. ನೀರು ಸೋರದಂತೆ ತಡೆಯುವ ಸೀಲು ಮತ್ತು ಉರುಳೆಗಳಿಗೆ ಅಲೆಯಬೇಕಾಯಿತು. ಉರುಳೆಯ ಯಂತ್ರಗಳ ತಯಾರಿಕೆಯನ್ನು ಕಂಪನಿ 1983ರಲ್ಲೇ ನಿಲ್ಲಿಸಿತ್ತು. 2006ರಲ್ಲಿ ಕಂಪನಿಯೇ ವರ್ಲ್‌ಪೂಲ್‌ನ ಕೈಸೇರಿ, ಮರುವರ್ಷ ನ್ಯೂಟನ್ನಿನ ಕಾರ್ಖಾನೆಯೂ ಮುಚ್ಚಿತು. ಒಂದು ಊರು ಒಂದೇ ವಸ್ತುವನ್ನು ಮಾಡಿ ಬದುಕಿದ್ದರ ಗುರುತು ಈಗ ಅಲ್ಲಿಯ ಜಿಲ್ಲಾ ವಸ್ತುಸಂಗ್ರಹಾಲಯದಲ್ಲಿ ಸಾಲಾಗಿ ನಿಂತಿದೆ. ನಮಗೆ ಬೇಕಾದ ಉರುಳೆಗಳು ಕಡೆಗೆ ಸಿಕ್ಕಿದ್ದು ಕಲೋನಾ ಎಂಬ ಊರಿನ ಕಡೆ. ವಿದ್ಯುತ್ತನ್ನು ಮನೆಯೊಳಗೆ ಬಿಟ್ಟುಕೊಳ್ಳದ ಆಮಿಶ್ ಪಂಗಡದ ಕ್ರೈಸ್ತರು ಅಲ್ಲಿ ಹಲವರಿದ್ದಾರೆ. ಅವರಲ್ಲಿ ಇಂಥ ಯಂತ್ರಗಳು ಎಂಜಿನ್ನಿನ ಬಲದಿಂದ ಇಂದಿಗೂ ನಡೆಯುತ್ತಿವೆ. ನಮಗೆ ಹಳೆಯ ಕಾಲವೆನಿಸಿದ್ದು ಅವರಿಗೆ ಈ ವಾರದ ಸೋಮವಾರ.

ನಮ್ಮಿಬ್ಬರಲ್ಲಿ ಭಿನ್ನಾಭಿಪ್ರಾಯ ಬಂದದ್ದು ಬಣ್ಣದ ವಿಷಯದಲ್ಲಿ. ಚೌಕದ ಅಲ್ಯೂಮಿನಿಯಂ ತೊಟ್ಟಿಗೆ ಬಣ್ಣ ಬೇಕಿರಲಿಲ್ಲ. ಕಾಲುಗಳ ಬೂದು ಬಣ್ಣ ಮಾತ್ರ ಚಕ್ಕೆಯೆದ್ದಿತ್ತು. ಉರುಳೆಗಳ ಪೆಟ್ಟಿಗೆಯನ್ನು ಅತ್ತಿತ್ತ ತಿರುಗಿಸಿ ನಿಲ್ಲಿಸುವ ಹಿಡಿಕೆಯಲ್ಲಿ, ಎಡಗೈಯ ಹೆಬ್ಬೆರಳು ಕೂಡುವಲ್ಲಿ, ಬಣ್ಣವೆಲ್ಲ ಸವೆದು ಬರಿಯ ಲೋಹ ನಯವಾಗಿ ಕಾಣುತ್ತಿತ್ತು. ಸಂಗ್ರಾಹಕರಲ್ಲಿ ಹೆಚ್ಚಿನವರು ಎಲ್ಲವನ್ನೂ ಮರಳಿನಿಂದ ಉಜ್ಜಿಸಿ, ಅಂಗಡಿಯಿಂದ ಆಗ ತಾನೆ ಬಂದಂತೆ ಬಣ್ಣ ಹೊಡೆಸುತ್ತಾರೆ. ರೈತರೂ ಅದನ್ನೇ ಬಯಸಿದರು. ನಾನು ಬೇಡವೆಂದೆ. ಅಪಾಯ ತರುವುದನ್ನು ಬದಲಿಸೋಣ, ಸವೆತವನ್ನು ಬಿಡೋಣ. ನಿಮ್ಮ ತಾಯಿ ಪತ್ರ ಬರೆದಿಟ್ಟಿಲ್ಲ, ದಿನಚರಿ ಬರೆದಿಟ್ಟಿಲ್ಲ. ಅವರ ಕೈಬರಹವೆಂದು ಉಳಿದಿರುವುದು ಈ ಎರಡು ಅಂಗುಲ ಲೋಹ. ಬಣ್ಣ ಬಳಿದರೆ ಇದು ಅಂಗಡಿಯ ಯಂತ್ರವಾಗುತ್ತದೆ, ಅವರದಾಗಿ ಉಳಿಯುವುದಿಲ್ಲ ಎಂದೆ.

ಅವರು ಕೊಟ್ಟ ಉತ್ತರ ನಾನು ನಿರೀಕ್ಷಿಸಿದ್ದಲ್ಲ. "ನನ್ನ ತಾಯಿ ಪ್ರತಿ ಸೋಮವಾರ ಕೆಲಸ ಮುಗಿದ ಮೇಲೆ ಈ ಯಂತ್ರವನ್ನು ಒರೆಸಿ, ಮೇಲೆ ಬಟ್ಟೆ ಹೊದಿಸುತ್ತಿದ್ದರು. ನೆರೆಯವರು ಬಂದಾಗ ಹೊದಿಕೆಯಿಲ್ಲದಿದ್ದರೆ ಸಂಕೋಚಪಡುತ್ತಿದ್ದರು. ಚಕ್ಕೆಯೆದ್ದ ಕಾಲುಗಳೊಂದಿಗೆ ಇದನ್ನು ನಾಲ್ಕು ಜನರ ಮುಂದೆ ನಿಲ್ಲಿಸಿದರೆ ಅವರಿಗೆ ಅವಮಾನವಲ್ಲವೇ?" ಎಂದರು. ವಸ್ತುವನ್ನು ಕಾಪಾಡುವವನು ಅದರ ಗುರುತುಗಳನ್ನು ನೋಡುತ್ತಾನೆ. ಮಗನೋ ತಾಯಿಯ ಮರ್ಯಾದೆಯನ್ನು ನೋಡುತ್ತಾನೆ. ಎರಡು ದಿನ ನಾವು ಬೇರೆ ಯಂತ್ರದ ಕೆಲಸ ಹಿಡಿದೆವು.

ಮೂರನೆಯ ದಿನ ನಾನು ಹೋಗುವಷ್ಟರಲ್ಲಿ ಅವರು ಕಾಲುಗಳಿಗೆ ಬೂದು ಬಣ್ಣ ಹೊಡೆದು ಮುಗಿಸಿದ್ದರು. ಹಿಡಿಕೆಯ ಸುತ್ತ ಹಳೆಯ ವೃತ್ತಪತ್ರಿಕೆ ಸುತ್ತಿ ದಾರ ಕಟ್ಟಿತ್ತು. ಬಣ್ಣ ಒಣಗಿದ ಮೇಲೆ ದಾರ ಬಿಚ್ಚಿದರು. ಆ ವಿಷಯ ನಾವು ಮತ್ತೆ ಮಾತಾಡಲಿಲ್ಲ.

ಮುಂದಿನ ಸೋಮವಾರ ಅವರ ಮೊಮ್ಮಗಳು ಎರಡು ಬುಟ್ಟಿ ಬಟ್ಟೆ ತಂದಳು. ಅಡುಗೆಮನೆಯಿಂದ ಬಿಸಿನೀರು ಹೊತ್ತು ತೊಟ್ಟಿ ತುಂಬಿದೆವು. ಹನ್ನೆರಡು ಬಕೆಟ್ ಹಿಡಿಯಿತು. ನಾಲ್ಕನೆಯದಕ್ಕೆ ಆ ಹುಡುಗಿ ನಿಂತು ಉಸಿರು ಬಿಟ್ಟು, "ಪ್ರತಿ ವಾರವೂ ಹೀಗೆಯೇ?" ಎಂದು ಕೇಳಿದಳು. ಅಜ್ಜ ತಲೆಯಾಡಿಸಿದರು. ಮೋಟಾರು ಗುನುಗಿತು, ಅಜಿಟೇಟರ್ ಬಟ್ಟೆಗಳನ್ನು ಎಳೆದುಕೊಂಡಿತು. ಹಿಂಡುವ ಹೊತ್ತಿಗೆ ಅವರು ಮೊಮ್ಮಗಳನ್ನು ಪಕ್ಕಕ್ಕೆ ನಿಲ್ಲಿಸಿ, ಎಡಗೈಯನ್ನು ಹಿಡಿಕೆಯ ಮೇಲಿಟ್ಟು, ಒಂದು ಅಂಗಿಯನ್ನೆತ್ತಿ, ಯಾರೋ ಹಿಂದಿನಿಂದ ಹೇಳಿಕೊಡುತ್ತಿರುವಂತೆ ಗುಂಡಿಗಳನ್ನೆಲ್ಲ ಒಳಮಡಚಿ, ಉರುಳೆಗೆ ಕೊಟ್ಟರು. ತೊಟ್ಟಿಯಲ್ಲಿ ಉಳಿದ ಸಾಬೂನು ನೀರನ್ನು ನಾನೂ ಆ ಹುಡುಗಿಯೂ ಹೊತ್ತು ಅಂಗಳದ ಆಚೆಗೆ ಚೆಲ್ಲಿ ಬಂದೆವು.